ಕಾಂಡ್ಲಾ ಕೆಸರು ಕಾಲು ಹಿಡಿಯುವುದೇಕೆ

ಆಗ ಭೂಮಿ ಇನ್ನೂ ಎಳೆಯದು. ಹೊಳೆಗೆ ಕಡಲಿನ ದಾರಿ ಆಗತಾನೇ ಗೊತ್ತಾಗಿತ್ತು. ಗಾಳಿ, ಮರ, ಕೆಸರು ಎಲ್ಲವೂ ಮಾತಾಡುತ್ತಿದ್ದವು. ಕೇಳಿಸಿಕೊಳ್ಳುವ ತಾಳ್ಮೆ ಮನುಷ್ಯರಿಗೂ ಇತ್ತು ಅನ್ನು.

ಹೊಳೆ ಕಡಲು ಸೇರುವ ಅಳಿವೆಯ ದಡದಲ್ಲಿ ಹೊನ್ನಿ ಎಂಬವಳಿದ್ದಳು. ಮೊದಲು ಬೆಂಕಿ ಹೊತ್ತಿಸಿದವಳೇ ಅವಳು. ಅವಳನ್ನು ನೋಡಿ ಊರಿಗೆ ಊರೇ ಒಲೆ ಹೂಡಿತು. ಹೊಗೆಯೆಲ್ಲ ಮೇಲೇರಿ ಆಕಾಶಕ್ಕೆ ಕಂಬಳಿ ಹೊದಿಸಿತು. ಕಂಬಳಿಯಡಿ ಸೆಕೆಯೋ ಸೆಕೆ. ಹೊನ್ನಿಯ ಎಳೆಗೂಸು ಮೊಲೆ ಬಾಯಿಗಿಟ್ಟರೂ ಕುಡಿಯಲಾರದೆ ಸೊರಗಿತು. ಅವಳು ಅಂಗಳಕ್ಕಿಳಿದು ಗಾಳಿಯನ್ನು ಕರೆದಳು.

"ಗಾಳಿಯಣ್ಣಾ, ಈ ಹೊಗೆಯನ್ನು ಎಲ್ಲಾದರೂ ಒಯ್ಯೋ," ಎಂದಳು.

"ಒಯ್ಯುತ್ತೇನೆ ತಂಗೀ. ಇಡುವುದೆಲ್ಲಿ? ಸುತ್ತಿ ಬಂದರೆ ಮತ್ತೆ ನಿನ್ನ ಅಂಗಳವೇ."

ಉಪ್ಪುನೀರಿನಲ್ಲಿ ಬೇರೂರಿ ನಿಂತ ಕಾಂಡ್ಲಾ ಮರವನ್ನು ಕೇಳಿದಳು.

"ನಾನು ಹೊಗೆಯನ್ನು ಎಲೆಯಲ್ಲಿ ಉಂಡು ಮೈಯಲ್ಲಿ ಕಟ್ಟಿಕೊಳ್ಳುತ್ತೇನೆ ಮಗಳೇ," ಎಂದಿತು ಮರ. "ಆದರೆ ಉದುರಿದ ಎಲೆ ಕೊಳೆತರೆ ಅದು ಮತ್ತೆ ಮೇಲೇಳುತ್ತದೆ. ಕೆಳಗೆ ಯಾರಾದರೂ ಹಿಡಿದುಕೊಳ್ಳಬೇಕು."

ಕೆಳಗಿದ್ದದ್ದು ಕೆಸರು. ಆಗ ಅದು ಬೂದುಬಣ್ಣದ್ದು, ಯಾರ ಕಾಲಿಗೂ ಅಂಟದ ಪಾಪದ ಕೆಸರು. ಹೊನ್ನಿ ಕೂಸನ್ನು ಎತ್ತಿ ತೋರಿಸಿದಳು.

"ಕೆಸರಕ್ಕಾ, ಮೇಲಿಂದ ಏನು ಬಿದ್ದರೂ ಹಿಡಿದುಕೋ. ಬಿಡಬೇಡ."

"ಬಿಡುವುದಿಲ್ಲ," ಎಂದಿತು ಕೆಸರು.

ಎಲೆ ಬಿತ್ತು, ಹಿಡಿಯಿತು. ಕೊಂಬೆ ಬಿತ್ತು, ಹಿಡಿಯಿತು. ಗಾಳಿ ನುಸುಳದಷ್ಟು ಗಟ್ಟಿಯಾಗಿ ತಬ್ಬಿಕೊಂಡಿತು. ಹಿಡಿದೂ ಹಿಡಿದೂ ಕಪ್ಪಾಯಿತು.

ಹೊನ್ನಿಯೂ ಸುಮ್ಮನೆ ಕೂರಲಿಲ್ಲ. ಒಣ ಕೊಂಬೆ ಒಟ್ಟಿ, ಬೆಂಕಿಯಿಟ್ಟು, ಹೊಗೆಯಾಗಿ ಹಾರದಿರಲೆಂದು ಗಾಳಿ ತಾಗದಂತೆ ಮೇಲೆಲ್ಲ ಕೆಸರು ಮೆತ್ತಿ ಮುಚ್ಚಿದಳು. ಆತುರಗೇಡಿ ನೋಡು, ಅನ್ನ ಬೆಂದಿತೋ ಎಂದು ಮಡಕೆ ಇಣುಕುವ ಹಾಗೆ ಸಂದಿ ಬಿಡಿಸಿ ಇಣುಕಿದಳು. ಗಾಳಿ ಒಳನುಗ್ಗಿ ಎಲ್ಲ ಭಗ್ಗೆಂದು ಉರಿದು ಹೊಗೆಯಾಯಿತು. ಕೂತು ಅತ್ತಳು. ಮತ್ತೆ ಒಟ್ಟಿದಳು, ಮತ್ತೆ ಮುಚ್ಚಿದಳು. ಈ ಸಲ ಅವಳೂ ಕೆಸರಿನ ಹಾಗೆಯೇ ಪಟ್ಟು ಬಿಡಲಿಲ್ಲ, ಸಂದಿ ಬಿಡಿಸಲಿಲ್ಲ. ಒಳಗೆ ಇದ್ದಿಲಾಯಿತು. ಅದನ್ನು ಗದ್ದೆಯ ಮಣ್ಣಿನಲ್ಲಿ ಹೂತಳು. ಹೊಗೆಯಾಗಿ ಹೋಗಬೇಕಿದ್ದದ್ದು ಮಣ್ಣಿನಲ್ಲಿ ಮಲಗಿತು.

ಆಕಾಶದ ಕಂಬಳಿ ತೆಳ್ಳಗಾಯಿತು. ಒಂದು ಬೆಳಗ್ಗೆ ತಂಪು ಗಾಳಿ ಬೀಸಿತು. ಕೂಸು ಬಾಯಿ ಚಪ್ಪರಿಸಿ ಮೊಲೆ ಹುಡುಕಿತು. ಹೊನ್ನಿ ಬೆರಗಾಗಿ ಕೆಸರನ್ನೇ ನೋಡಿದಳು. ಆಕಾಶ ಹೊರಲಾರದ್ದನ್ನು ಮೊಣಕಾಲುದ್ದದ ಕೆಸರು ಹೊತ್ತು ಮಲಗಿತ್ತು. "ಇನ್ನು ಸಾಕು, ಬಿಡು," ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಆಮೇಲೂ ಯಾರೂ ಹೇಳಲಿಲ್ಲ.

ಅದಕ್ಕೇ ಪುಟ್ಟಾ, ಇಂದಿಗೂ ಇಳಿತದ ಹೊತ್ತಿನಲ್ಲಿ ನೀನು ಕಾಂಡ್ಲಾದ ಕಪ್ಪು ಕೆಸರಿಗೆ ಕಾಲಿಟ್ಟರೆ, ಇದೂ ಮೇಲಿಂದ ಬಿದ್ದದ್ದೇ ಎಂದುಕೊಂಡು ಅದು ನಿನ್ನ ಪಾದವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.