ಸ್ಮಾರಕದ ಬುಡಕ್ಕಿಟ್ಟ ಕಲ್ಲು

ಬರೀ ಬಯಲಲ್ಲಿ ಊರು ಕಟ್ಟಿದ ಸಂಗನಗೌಡರಿಗೆ ಸ್ಮಶಾನದಲ್ಲಿ ಅಮೃತಶಿಲೆಯ ಸ್ಮಾರಕ ನಿಲ್ಲಿಸಿದರು. ಅದು ಅಲ್ಲಾಡುತ್ತಿದೆಯೆಂದು ಪಕ್ಕದ ಗೋರಿಯ ತಲೆಗಲ್ಲನ್ನು ಕಿತ್ತು ಬುಡಕ್ಕೆ ತುರುಕಿದರು.

"ನಮ್ಮ ಗೌಡರೊಬ್ಬರೇ ಈ ಊರು ಕಟ್ಟಿದ್ದು. ನನ್ನನ್ನು ಹೊರುವುದು ನಿನ್ನ ಪುಣ್ಯ," ಎಂದಿತು ಸ್ಮಾರಕ.

ಕಲ್ಲು ಕೆರಳಿತು. "ಒಬ್ಬರೇ? ಊರಿನ ಮೊದಲ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತವಳು ನನ್ನ ದುರುಗವ್ವ. ನಿಮ್ಮ ಗೌಡರು ಸಾಯುವ ತನಕ ಕುಡಿದದ್ದು ಅದೇ ನೀರು! ಅವಳ ಗುರುತಿಗೆ ಇದ್ದದ್ದು ನಾನೊಂದೇ. ಅದೂ ನಿನ್ನ ಕಾಲಡಿಗೆ ಬೇಕಾಯಿತೇ?"

"ಬಾಯಿ ಮುಚ್ಚು. ನಿನ್ನ ಮೇಲೆ ಹೆಸರೇ ಕೆತ್ತಿಲ್ಲ."

"ಹೆಸರಿಲ್ಲದವರು ಸರಿದರೆ ಏನಾಗುತ್ತದೆ, ನೋಡು," ಎಂದು ಕಲ್ಲು ಮಗ್ಗುಲು ಬದಲಿಸಿತು. ಸ್ಮಾರಕ ಬೋರಲು ಬಿದ್ದು ಮಣ್ಣು ಮುಕ್ಕಿತು.

ಬೆಳಿಗ್ಗೆ ಊರಿನವರು ಬಂದು ಅದನ್ನು ಎತ್ತಿ ನಿಲ್ಲಿಸಿದರು. "ಒಂದು ಕಲ್ಲು ಸಾಲದು," ಎನ್ನುತ್ತಾ ಮುಂದಿನ ಗೋರಿಗೆ ಹಾರೆ ಹಾಕಿದರು.