ಬೂದನಿಗೆ ತಕ್ಕ ಹಗ್ಗ

ಕುರಿ ಕಾಯುವ ಹಾಲವ್ವ ಕೊಡಲಿ ಹಿಡಿದುಕೊಂಡೇ ಆಶ್ರಮದ ಅಂಗಳಕ್ಕೆ ಬಂದಳು. ಕಂಕುಳಲ್ಲಿ ಕಾಲು ಮುರಿದ ಮರಿ ಇತ್ತು.

“ಅಜ್ಜಾರೇ, ನಿಮ್ಮ ನಾಯಿ ಎಲ್ಲಿ?”

ಹೊಳೆದಂಡೆಯ ಆ ಆಶ್ರಮಕ್ಕೆ ಅಡವಯ್ಯಜ್ಜ ಗುರುಗಳು. ಅವರು ಎದ್ದು ಬಂದು ಮರಿಯ ಕಾಲು ಮುಟ್ಟಿ ನೋಡಿದರು.

ಶಿಷ್ಯ ಚನ್ನವೀರ ಬೇವಿನ ಮರಕ್ಕೆ ಅಡ್ಡವಾಗಿ ನಿಂತಿದ್ದ. ಅವನ ಹಿಂದೆ ಬೂದಿ ಬಣ್ಣದ ನಾಯಿ, ಬೂದ, ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಕುನ್ನಿಯಾಗಿದ್ದಾಗ ಅದನ್ನು ಹೊಳೆಯಿಂದ ಎತ್ತಿ ತಂದವನು ಅವನೇ.

“ಕಚ್ಚಲಿಲ್ಲ ಅವ್ವಾ. ಅಟ್ಟಿಸಿಕೊಂಡು ಹೋಯಿತು ಅಷ್ಟೇ. ಮರಿ ಬಂಡೆ ಮೇಲಿಂದ ಬಿತ್ತು.”

“ಮರಿಗೆ ಎರಡೂ ಒಂದೇ,” ಎಂದಳು ಹಾಲವ್ವ.

ಗುರುಗಳು ಬಿದಿರಿನ ಸೀಳು ತಂದು ಮರಿಯ ಕಾಲಿಗೆ ಕಟ್ಟು ಹಾಕಿದರು. “ತಪ್ಪು ನಮ್ಮದು ತಂಗೀ. ಏನು ಮಾಡಬೇಕು ಹೇಳು.”

“ಹಿಂಡು ಹೊಡೆದುಕೊಂಡು ಮೇಲಿನ ಸೀಮೆಗೆ ಹೊರಟಿದ್ದೀನಿ. ಮಳೆಗೆ ಮುಂಚೆ ಇದೇ ದಾರೀಲಿ ವಾಪಸ್ ಬರ್ತೀನಿ. ಆಗ ಈ ನಾಯಿ ನನ್ನ ಕುರಿಗಳ ಪಕ್ಕದಲ್ಲಿ ಸುಮ್ಮನೆ ನಡೆದು ತೋರಿಸಬೇಕು.”

“ಆ ದಿನ ಕಟ್ಟಿಹಾಕ್ತೀನಿ,” ಎಂದ ಚನ್ನವೀರ.

“ಇವತ್ತೂ ನೀನು ಕಟ್ಟಿಹಾಕಿದ್ದೆ. ಕಿತ್ತುಕೊಂಡು ಬಂತು. ನಡೆಸಿ ತೋರಿಸು. ಇಲ್ಲದಿದ್ದರೆ ಅದನ್ನ ನನಗೆ ಬಿಡು.” ಅವಳು ಕೊಡಲಿಯ ಕಾವನ್ನು ನೆಲಕ್ಕೆ ಕುಟ್ಟಿದಳು.

ಚನ್ನವೀರ ಗುರುಗಳ ಮುಖ ನೋಡಿದ.

“ಆಗಲಿ,” ಎಂದರು ಗುರುಗಳು.

ಮರುದಿನವೇ ಚನ್ನವೀರ ಪೇಟೆಗೆ ಹೋಗಿ ಒಂದು ಸರಪಳಿ ತಂದ. ಎಳೆದಷ್ಟೂ ಕತ್ತಿಗೆ ಬಿಗಿಯುವ ಸರಪಳಿ.

“ಅಂಗಡಿಯವನು ಹೇಳಿದ, ಎಂಥ ನಾಯಿಯೂ ಇದಕ್ಕೆ ಬಗ್ಗುತ್ತದಂತೆ.”

ಅವನು ಬೂದನನ್ನು ದಾರಿಗಿಳಿಸಿದ. ದೂರದಲ್ಲಿ ಒಂದು ಆಡು ಕಂಡಿತು. ಬೂದ ಮುಂದಕ್ಕೆ ಜಿಗಿಯಿತು, ಇವನು ಹಿಂದಕ್ಕೆ ಜಗ್ಗಿದ. ನಾಯಿಯ ಕಣ್ಣು ಕೆಂಪಾಯಿತು, ಗಂಟಲಲ್ಲಿ ಗೊರಗೊರ ಸದ್ದು. ಅವನು ಇನ್ನೂ ಜಗ್ಗಿದ. ಬೂದ ಗಕ್ಕನೆ ತಿರುಗಿ ಅವನ ಮುಂಗೈಗೆ ಬಾಯಿ ಹಾಕಿತು.

ಚರ್ಮ ಹರಿಯಲಿಲ್ಲ.

“ಇದನ್ನ ಹಾಲವ್ವನಿಗೇ ಬಿಡಬೇಕೇನೋ ಅಜ್ಜಾರೇ,” ಎಂದ ಅಂಗಳಕ್ಕೆ ಬಂದು. “ಇದು ಕೊಲ್ಲುವ ನಾಯಿ.”

ಗುರುಗಳು ಬೂದನ ಕತ್ತಿನಿಂದ ಸರಪಳಿ ಬಿಚ್ಚಿದರು. ತಮ್ಮ ಕೊರಳಿಗೆ ಹಾಕಿಕೊಂಡು ತುದಿಯನ್ನು ಶಿಷ್ಯನ ಕೈಗೆ ಕೊಟ್ಟರು.

“ಎಳೆ.”

“ಅಜ್ಜಾರೇ!”

“ಎಳೆ ಅಂದೆ.”

ಚನ್ನವೀರ ಕಣ್ಣು ಮುಚ್ಚಿ ಎಳೆದ. ಗುರುಗಳ ಮೈ ಹಿಂದಕ್ಕೆ ವಾಲಿ ನಿಂತಿತು. ಆ ಮುದಿ ಶರೀರದಲ್ಲಿ ಅಷ್ಟು ಬಲವಿದ್ದುದು ಅವನಿಗೆ ಗೊತ್ತಿರಲಿಲ್ಲ.

“ಯಾಕೆ ಹಿಂದಕ್ಕೆ ಜಗ್ಗಿದಿರಿ?”

“ನಾನು ಜಗ್ಗಲಿಲ್ಲ,” ಎಂದರು ಗುರುಗಳು ಕೆಮ್ಮುತ್ತಾ. “ಕತ್ತು ಜಗ್ಗಿತು.”

ಚನ್ನವೀರ ಸರಪಳಿಯನ್ನು ಹೊಳೆಗೆ ಎಸೆದ. ಬಾವಿಯ ಹಳೆಯ ಹಗ್ಗ ತಂದ. ಮೃದುವಾದ, ಉದ್ದನೆಯ ಹಗ್ಗ.

“ಇದನ್ನು ಹಿಡಿದು ಎಲ್ಲಿ ನಡೆಸುತ್ತೀ?”

“ಕುರಿ ದಾರಿಯಲ್ಲಿ.”

“ಅಲ್ಲಿಗೆ ಇದು ಉದ್ದ. ನಾಯಿ ಕುರಿಗೆ ಬಾಯಿ ಹಾಕಿದ ಮೇಲೆ ನಿನ್ನ ಕೈಗೆ ಸುದ್ದಿ ಬರುತ್ತದೆ. ಮರಳಿಗೆ ಹೋಗು.”

ಬೇಸಿಗೆಯೆಲ್ಲ ಚನ್ನವೀರ, ಬೂದ ಇಬ್ಬರೂ ಹೊಳೆಯ ಖಾಲಿ ಮರಳ ದಂಡೆಯಲ್ಲೇ ಕಳೆದರು. ಹಗ್ಗ ನಾಯಿಯ ಹಿಂದೆ ಮರಳಲ್ಲಿ ಹರಿದಾಡುತ್ತಿತ್ತು. ಚನ್ನವೀರ ಕರೆಯುತ್ತಿದ್ದ. ಬೂದ ಬಂದರೆ ರೊಟ್ಟಿಚೂರು. ಬಾರದಿದ್ದರೆ ಹಗ್ಗದ ತುದಿ ತುಳಿದು ನಿಂತು ಮತ್ತೆ ಕರೆಯುತ್ತಿದ್ದ. ಒಮ್ಮೊಮ್ಮೆ ಬಿಸಿಲಿಗೆ ತಲೆ ಸಿಡಿದು, ಬೈದು, ಒಬ್ಬನೇ ವಾಪಸಾಗುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತಿದ್ದ.

ಮೋಡ ಕಟ್ಟತೊಡಗಿದಾಗ ಗುರುಗಳು ತಮ್ಮ ಹಳೆಯ ಪಂಚೆ ಸೀಳಿ ಒಂದು ಹಗ್ಗ ಹೊಸೆದರು. ಆಳೆತ್ತರದಷ್ಟು. ಅಂಗೈ ತುಂಬುವಷ್ಟು ದಪ್ಪ.

“ಇದು ದಾರಿಗೆ. ಕೈಗೆ ಸುತ್ತಿಕೊಳ್ಳಬೇಡ.”

“ಜಾರಿ ಹೋದರೆ?”

“ಸುತ್ತಿಕೊಂಡವನು ಎಳೆಯದೇ ಇರಲಾರ.”

ಹಾಲವ್ವನ ಹಿಂಡು ಒಂದು ದಿನ ಬೆಳಿಗ್ಗೆಯೇ ಬಂತು. ಮೊದಲು ಧೂಳು, ಆಮೇಲೆ ಗಂಟೆ ಸದ್ದು. ಒಂದು ಬದಿ ಹೊಳೆ, ಇನ್ನೊಂದು ಬದಿ ಬಂಡೆ. ನಡುವಿನ ಇಕ್ಕಟ್ಟು ದಾರಿಯಲ್ಲಿ ಚನ್ನವೀರ ಬೂದನನ್ನು ಹಿಡಿದು ನಡೆದ. ಹಿಂಡಿನ ಮುಂದಿದ್ದ ಹಾಲವ್ವ, ಬೂದ ಹತ್ತಿರವಾದಾಗ ದಾರಿಯ ಬದಿಗೆ ನಿಂತಳು. ಕೊಡಲಿ ಕೈಯಲ್ಲೇ ಇತ್ತು.

ಕುರಿಗಳು ಪಕ್ಕದಲ್ಲೇ ಉಜ್ಜಿಕೊಂಡು ಹಾಯತೊಡಗಿದವು. ಬೂದನ ಬೆನ್ನ ಕೂದಲು ನಿಮಿರಿತು. ಬಾಲ ಕಡ್ಡಿಯಾಯಿತು.

ಚನ್ನವೀರನ ಬೆರಳುಗಳು ತಾವಾಗಿಯೇ ಹಗ್ಗವನ್ನು ಸುತ್ತಿಕೊಳ್ಳಲು ಹೊರಟವು. ಅವನು ಅವನ್ನು ಬಿಡಿಸಿದ. ಹಗ್ಗ ಜೋತುಬಿದ್ದೇ ಇತ್ತು.

ಆಗ ಒಂದು ಕುರಿ ಬೆದರಿ ಸಾಲು ಬಿಟ್ಟು ಬೂದನ ಮೂಗಿನೆದುರೇ ಓಡಿತು.

ಬೂದ ಜಿಗಿಯಲು ಮೈ ಕುಗ್ಗಿಸಿತು. ಹಾಲವ್ವನ ಕೊಡಲಿ ಮೇಲೆದ್ದಿತು.

ಎಳೆ ಎಳೆ ಎಂದು ಚನ್ನವೀರನ ತೋಳು ಕೂಗಿತು. ಅವನು ಎಳೆಯಲಿಲ್ಲ. ಉಸಿರು ಬಿಟ್ಟು, ಮರಳಲ್ಲಿ ಕರೆಯುತ್ತಿದ್ದ ದನಿಯಲ್ಲೇ ಮೆಲ್ಲಗೆ ಕರೆದ.

“ಬೂದಾ.”

ನಾಯಿಯ ಒಂದು ಕಿವಿ ಹಿಂದಕ್ಕೆ ಬಂತು. ಅದು ಕುರಿಯನ್ನು ನೋಡಿತು. ಮತ್ತೆ ಕತ್ತು ಹೊರಳಿಸಿ ಅವನ ಮುಖ ನೋಡಿತು. ಅವನು ಹೆಜ್ಜೆ ಹಾಕಿದ. ಅದೂ ಹಾಕಿತು.

ಕೊನೆಯ ಕುರಿ ಹಾಯುವ ತನಕ ಹಾಲವ್ವ ಅಲ್ಲಾಡಲಿಲ್ಲ. ಆಮೇಲೆ ಕೊಡಲಿಯನ್ನು ಹೆಗಲಿಗೇರಿಸಿ, “ನೀರು ಕುಡಿಸು ಅದಕ್ಕೆ,” ಎಂದಷ್ಟೇ ಹೇಳಿ ಹಿಂಡಿನ ಹಿಂದೆ ಹೋದಳು.

ಚನ್ನವೀರ ಬೂದನಿಗೆ ಹೊಳೆಯ ನೀರು ಕುಡಿಸಿದ. ಅಲ್ಲೇ ದಂಡೆಯಲ್ಲಿ ಕುಳಿತ. ಬಂಡೆಯ ಮೇಲಿಂದ ನೋಡುತ್ತಿದ್ದ ಗುರುಗಳು ಇಳಿದು ಬಂದರು.

“ಅಜ್ಜಾರೇ, ನಾನು ಎಳೆಯಲೇ ಇಲ್ಲ. ಆದರೂ ಅದು ತಿರುಗಿ ನನ್ನ ಮುಖ ನೋಡಿತು. ಯಾಕೆ?”

“ಎಳೆದಿದ್ದರೆ, ನೀನು ಎಲ್ಲಿದ್ದೀ ಅಂತ ಅದರ ಕತ್ತಿಗೇ ತಿಳಿಯುತ್ತಿತ್ತು,” ಎಂದರು ಗುರುಗಳು. “ತಿರುಗಿ ನೋಡುವ ಗರಜು ಏನಿರುತ್ತಿತ್ತು?”