ಕುಂಬಾರನ ಹಿತ್ತಲ ಬಿದಿರು

“ಗುರುಗಳೇ, ಹೆತ್ತ ತಾಯಿಯನ್ನು ಮರೆತವನು ಪಾಪಿಯೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಹೆಸರುಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ತಲೆಯೆತ್ತದೆ, “ಯಾರು ಮರೆತರು?” ಎಂದರು.

“ನಾನೇ. ಅವ್ವ ಹೋಗಿ ವರ್ಷವಾಯಿತು. ಒಂದು ದಿನವೂ ತಪ್ಪದೆ ಅವಳನ್ನು ನೆನೆಯುತ್ತಿದ್ದೆ. ನಿನ್ನೆ ಬೆಳಗಿನಿಂದ ಮಲಗುವವರೆಗೂ ಅವಳ ನೆನಪೇ ಬರಲಿಲ್ಲ. ಇವತ್ತು ಎದ್ದಾಗಲೇ ಅದು ತಿಳಿದದ್ದು. ಇನ್ನು ಮೇಲೆ ಯಾವ ಕೆಲಸಕ್ಕೂ ಕೈಹಾಕದೆ, ಒಂದು ಕಡೆ ಕುಳಿತು ಅವಳನ್ನೇ ನೆನೆಯುತ್ತಿರಬೇಕು ಅನ್ನಿಸಿದೆ. ಅಪ್ಪಣೆ ಕೊಡಿ.”

“ಕುಳಿತುಕೊಳ್ಳುವುದಕ್ಕೆ ಅಪ್ಪಣೆ ಯಾಕೆ? ಜಾಗ ಬೇಕಾದಷ್ಟಿದೆ. ಮೊದಲು ಇಲ್ಲಿ ಕುಳಿತು ಒಂದು ಕತೆ ಕೇಳು” ಎಂದರು ಗುರುಗಳು. ಕಾಳಿನ ಮೇಲಿನ ಕಣ್ಣು ತೆಗೆಯದೆಯೇ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಹಸಿ ಮಡಕೆ ನೆರಳಿನಲ್ಲಿ ನಿಧಾನವಾಗಿ ಆರಬೇಕು. ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ. ಅವನ ಹಿತ್ತಲಿನಲ್ಲಿ ಹಿಡಿಯಷ್ಟು ನೆರಳೂ ಇರಲಿಲ್ಲ. ಅವನ ಹೆಂಡತಿ ಎಲ್ಲಿಂದಲೋ ಒಂದು ಬಿದಿರಿನ ಗೆಡ್ಡೆ ತಂದು ನೆಟ್ಟಳು. ಇದು ಮೆಳೆಯಾಗಿ ಬೆಳೆದರೆ ಮಡಕೆಗೂ ನೆರಳಾಯಿತು, ನಮಗೂ ನೆರಳಾಯಿತು ಎಂದಳು. ಆ ಮಳೆಗಾಲದಲ್ಲಿ ಗೆಡ್ಡೆಯಿಂದ ಮೂರು ಕಳಲೆ ಮೇಲೆದ್ದವು. ಕಳಲೆ ಎಂದರೆ ಬಿದಿರಿನ ಎಳೆ ಮೊಳಕೆ. ನೀನು ಪಲ್ಯ ತಿಂದಿದ್ದೀಯ. ಮೂರೂ ಬೆಳೆದು ಬೆರಳು ದಪ್ಪದ ಕೋಲುಗಳಾದವು. ಗಾಳಿಗೆ ಬಾಗದಿರಲಿ ಎಂದು ಅವಳು ತನ್ನ ಹಳೆಯ ಸೀರೆಯ ಅಂಚು ಹರಿದು ಮೂರನ್ನೂ ಸೇರಿಸಿ ಕಟ್ಟಿದಳು. ಮಾರನೆಯ ಮಳೆಗಾಲ ಬರುವುದರೊಳಗೆ ತೀರಿಕೊಂಡಳು.

ಕುಂಬಾರನಿಗೆ ಆ ಮೂರು ಕೋಲುಗಳೇ ಹೆಂಡತಿಯಾದವು. ಮಡಕೆ ಮಾಡುವ ಚಕ್ರವನ್ನು, ತನ್ನ ತಿಗರಿಯನ್ನು, ಹಿತ್ತಲ ಬಾಗಿಲಿಗೆ ಎಳೆದು ತಂದ. ಅವು ಕಾಣುವ ಹಾಗೆ ಕುಳಿತು ಮಡಕೆ ಮಾಡತೊಡಗಿದ. ಗಾಳಿ ಬೀಸಿದರೆ ಎಲೆಗಳು ಸರಸರ ಎನ್ನುತ್ತಿದ್ದವು. ಕಣ್ಣು ಮುಚ್ಚಿದರೆ ಅವಳು ಹೊಸ ಸೀರೆಯುಟ್ಟು ಹಿತ್ತಲಿನಲ್ಲಿ ಓಡಾಡಿದಂತೆ ಕೇಳಿಸುತ್ತಿತ್ತು. ಅವನು ಮಾತಾಡಿಸುತ್ತಿದ್ದ. ಎಲೆಗಳೂ ಏನೋ ಹೇಳುತ್ತಿದ್ದವು. ತಿಗರಿ ತಿರುಗುತ್ತಿತ್ತು, ಕೈ ತಾನಾಗಿ ಮಣ್ಣನ್ನು ಎತ್ತುತ್ತಿತ್ತು, ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಮಳೆ ಬಂದಾಗ ಆ ಮೂರರ ಸುತ್ತ ಹೊಸ ಕಳಲೆಗಳು ಎದ್ದವು. ಮೊದಲಿನವಕ್ಕಿಂತ ದಪ್ಪ. ಇವು ಬೆಳೆದರೆ ನನ್ನ ಮೂರು ಮರೆಯಾಗಿಬಿಡುತ್ತವೆ ಎಂದು ಅವನಿಗೆ ಗಾಬರಿಯಾಯಿತು. ಎಲ್ಲವನ್ನೂ ಮುರಿದು ನೆರೆಯವರಿಗೆ ಪಲ್ಯಕ್ಕೆ ಹಂಚಿದ. ಕಣ್ಣು ತಪ್ಪಿಸಿ ಬೆಳೆದ ಒಂದೆರಡನ್ನು ಚಪ್ಪರಕ್ಕೆ ಕೇಳಿದವರಿಗೆ ಕಡಿದು ಕೊಟ್ಟ. ಊರಿನವರು ಅವನದು ದೊಡ್ಡ ಕೈ ಎಂದರು. ಊರಿನವರಿಗೇನು, ಕಳಲೆ ಸಿಕ್ಕಿತಲ್ಲ! ಹೀಗೆ ಏಳು ವರ್ಷ ನಡೆಯಿತು.

ಏಳನೆಯ ಬೇಸಿಗೆಯಲ್ಲಿ ಮೂರು ಕೋಲುಗಳ ಎಲೆ ಹಳದಿಯಾಯಿತು. ಕುಂಬಾರ ಕೊಡಗಟ್ಟಲೆ ನೀರು ಸುರಿದ, ಗೊಬ್ಬರ ಹಾಕಿದ. ಆದರೂ ಒಂದು ಕೋಲು ಒಣಗಿಯೇ ಹೋಯಿತು. ನೆರಳಂತೂ ಮೊದಲೇ ಇರಲಿಲ್ಲ. ಬಿಸಿಲಿನಲ್ಲಿ ಮಡಕೆಗಳು ಸೀಳುತ್ತಲೇ ಇದ್ದವು, ಅತ್ತ ಅವನಿಗೆ ಗಮನವಿರಲಿಲ್ಲ. ಉಳಿದ ಎರಡೂ ಹೋದರೆ ಅವಳು ಇನ್ನೊಮ್ಮೆ ಸತ್ತ ಹಾಗೆ ಎಂದು ಊಟ ಬಿಟ್ಟು ಕುಳಿತ.

ಒಂದು ಮಧ್ಯಾಹ್ನ ತಿಗರಿಯ ಪಕ್ಕದಲ್ಲೇ ಅವನಿಗೆ ಜೊಂಪು ಹತ್ತಿತು. ಕನಸಿನಲ್ಲಿ ಹಿತ್ತಲ ತುಂಬ ಬಿದಿರು. ಎಲ್ಲೆಲ್ಲೂ ಹಸಿರು ಬೆಳಕು. ಆ ಬೆಳಕಿನಲ್ಲಿ ಅವಳು ಬಗ್ಗಿ, ಮಡಕೆಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದಳು. ಕುಂಬಾರ ಅವಳತ್ತ ನೋಡಲಿಲ್ಲ. ಅವನು ತನ್ನ ಮೂರು ಕೋಲುಗಳನ್ನು ಹುಡುಕುತ್ತಿದ್ದ. ಎಷ್ಟು ಹುಡುಕಿದರೂ ಅವು ಸಿಗಲಿಲ್ಲ. ಬೆಚ್ಚಿ ಎದ್ದಾಗ ಎದುರಿಗೆ ಒಬ್ಬ ಹೆಂಗಸು ನಿಂತಿದ್ದಳು. ಬುಟ್ಟಿ ಹೆಣೆಯುವವಳು, ಅವನು ವರ್ಷ ವರ್ಷವೂ ಕಳಲೆ ಹಂಚುವ ಸುದ್ದಿಯನ್ನು ಊರಿನಲ್ಲಿ ಕೇಳಿ ಬಿದಿರಿಗಾಗಿ ಬಂದಿದ್ದಳು. ಅವಳ ಕಣ್ಣು ಒಣಗಿದ ಕೋಲಿನ ಮೇಲಿತ್ತು.

“ಯಜಮಾನ್ರೇ, ಮೆಳೆನ ಹಿಂಗಾ ನೋಡ್ಕೊಳ್ಳೋದು? ಹಳೇದನ್ನ ತೆಗೀಬೇಕು, ಎಳೇದನ್ನ ಬಿಡಬೇಕು. ನೀವು ಎಳೇದನ್ನೆಲ್ಲ ಮುರ್ದು ಮುದಿ ಕೋಲು ಸಾಕ್ತಿದ್ದೀರಿ. ಗೆಡ್ಡೆ ಏನು ತಿಂದು ಬದುಕ್ಬೇಕು?”

“ಆ ಮೂರರ ಮಾತೆತ್ತಬ್ಯಾಡ. ಅವು ನನ್ನ ಹೆಂಡ್ತಿ ನೆಟ್ಟಿದ್ದು.”

“ಆಯಮ್ಮ ಕೋಲು ನೆಟ್ರಾ, ಗೆಡ್ಡೆ ನೆಟ್ರಾ?”

“ಗೆಡ್ಡೆ.”

“ಮತ್ತೆ ಏಳು ವರ್ಷದಿಂದ ಮುರ್ದು ಮುರ್ದು ಊರಿಗೆಲ್ಲ ಹಂಚಿದ್ರಲ್ಲ, ಅವೆಲ್ಲ ಯಾರು ನೆಟ್ಟಿದ್ದು?”

ಕುಂಬಾರ ಮಣ್ಣು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ಹೆಂಡತಿ ಸತ್ತ ದಿನವೂ ಅವನು ಅಷ್ಟು ಅತ್ತಿರಲಿಲ್ಲ. ಬುಟ್ಟಿಯವಳು ಬಿದಿರು ಕೇಳದೆ ಹೊರಟುಹೋದಳು.

ಆ ಮಳೆಗಾಲದಲ್ಲಿ ಎದ್ದದ್ದು ಎರಡೇ ಕಳಲೆ. ಕಡ್ಡಿಯಷ್ಟು ಸಣ್ಣವು. ಕುಂಬಾರ ಬುಡಕ್ಕೆ ಮಣ್ಣು ಏರಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಅವು ಮೇಲೆದ್ದು ಎಲೆ ಬಿಟ್ಟವು. ಆಮೇಲೆ ಒಂದು ಬೆಳಿಗ್ಗೆ ಮಚ್ಚು ಹಿಡಿದು ಹಿತ್ತಲಿಗೆ ಹೋದ. ಸೀರೆಯ ಅಂಚನ್ನು ಬಿಚ್ಚಿದ. ಕೊನೆಗೆ ಮೂರು ಕೋಲುಗಳನ್ನೂ ತಾನೇ ಕಡಿದ. ಅವನ್ನೇ ಸೀಳಿ, ಮೇಕೆಗಳು ಬಾಯಿ ಹಾಕದ ಹಾಗೆ ಎಳೆಯ ಬಿದಿರಿಗೆ ಬೇಲಿ ಕಟ್ಟಿದ.

ಮರುವರ್ಷ ಐದು ಕಳಲೆ ಬಂದವು. ಅದರ ಮರುವರ್ಷ ಹತ್ತಕ್ಕೂ ಹೆಚ್ಚು, ಒಂದಕ್ಕಿಂತ ಒಂದು ದಪ್ಪ. ಇನ್ನೂ ಕೆಲವು ಮಳೆಗಾಲ ಕಳೆಯುವುದರೊಳಗೆ ಮೆಳೆ ಹಿತ್ತಲನ್ನೇ ಆವರಿಸಿತು. ಮೊದಲಿನ ಮೂರು ನಿಂತಿದ್ದ ಜಾಗ ಯಾವುದೆಂದು ಈಗ ಅವನಿಗೂ ಗೊತ್ತಾಗುತ್ತಿರಲಿಲ್ಲ. ಹಸಿ ಮಡಕೆಗಳು ನೆರಳಿನಲ್ಲಿ ಬೋರಲಾಗಿ ಮಲಗಿ ಆರುತ್ತಿದ್ದವು. ಅವನ್ನು ತಿರುಗಿಸಿಡಲು ಬಗ್ಗಿದರೆ ಬೆನ್ನಿಗೆ ತಂಪು ತಾಗುತ್ತಿತ್ತು. ಎಲೆಗಳ ಸದ್ದು ಈಗ ಒಂದು ಕಡೆಯಿಂದ ಬರುತ್ತಿರಲಿಲ್ಲ, ಸುತ್ತಲಿಂದಲೂ ಬರುತ್ತಿತ್ತು. ಕೆಲವು ದಿನ ಕೆಲಸದ ಭರದಲ್ಲಿ ಅವನು ಅದಕ್ಕೆ ಕಿವಿಗೊಡುವುದನ್ನೂ ಮರೆಯುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚನ್ನವೀರ, “ಆ ಸೀರೆಯ ಅಂಚು ಏನಾಯಿತು?” ಎಂದು ಕೇಳಿದ.

“ಇಷ್ಟು ಹೇಳಿದ ಮೇಲೆ ನಿನಗೆ ಬಟ್ಟೆಯ ಚೂರೇ ಬೇಕಾಯಿತಲ್ಲ! ನನಗೆ ಗೊತ್ತಿಲ್ಲ. ನಿನ್ನೆ ದಿನವಿಡೀ ನೀನು ಏನು ಮಾಡುತ್ತಿದ್ದೆ, ಅದನ್ನು ಹೇಳು.”

“ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ಜ್ವರ ಬಂದು ನಮ್ಮ ಜಗಲಿಯ ಮೇಲೆ ಮಲಗಿಬಿಟ್ಟಿದ್ದರು. ಏಳಲೂ ಆಗುತ್ತಿರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಗಂಜಿ ಕಾಯಿಸಿ, ಊದಿ ಊದಿ ಆರಿಸಿ, ಗುಟುಕು ಗುಟುಕಾಗಿ ಕುಡಿಸಿದೆ. ಜ್ವರ ಇಳಿಯುವವರೆಗೂ ಪಕ್ಕದಲ್ಲೇ ಕುಳಿತಿದ್ದೆ. ಅದರಲ್ಲೇ ದಿನ ಕಳೆದುಹೋಯಿತು.”

ಗುರುಗಳು ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದರು.

“ಗಂಜಿಯನ್ನು ಹಾಗೆ ಊದಿ ಆರಿಸಿ ಕುಡಿಸುವುದನ್ನು ನಿನಗೆ ಕಲಿಸಿದವರು ಯಾರಪ್ಪಾ?”